ಅಪ್ಪನ 46 ನಿಮಿಷ, ಡಿಸ್ಕಿನ 50 ನಿಮಿಷ

ಪ್ರಶ್ನೆ: ನಮ್ಮ ತಂದೆಗೆ ಈಗ 84. 1980ರ ದಶಕದಲ್ಲಿ ಕೆಲಸದ ಮೇಲೆ ಅಮೆರಿಕದ ಓಹಾಯೋದಲ್ಲಿದ್ದರು. ಅಲ್ಲಿ ‘ಮ್ಯಾವರಿಕ್’ ಅನ್ನುವ ಹಳೆಯ ಕೌಬಾಯ್ ಸರಣಿಯ ಒಂದು ಕಂತನ್ನು ಟಿವಿಯಿಂದ ವಿಎಚ್‌ಎಸ್ ಕ್ಯಾಸೆಟ್ಟಿಗೆ ರೆಕಾರ್ಡ್ ಮಾಡಿಕೊಂಡಿದ್ದರು. ವಾಪಸ್ ಬರುವಾಗ ಟಿವಿ, ವಿಸಿಆರ್, 110 ವೋಲ್ಟಿನ ಟ್ರಾನ್ಸ್‌ಫಾರ್ಮರ್ ಎಲ್ಲಾ ಹೊತ್ತು ತಂದರು. ವಿಸಿಆರ್ ಕೆಟ್ಟುಹೋಗುವ ತನಕ ವರ್ಷಕ್ಕೆ ಎರಡು ಮೂರು ಸಲವಾದರೂ ಅದೊಂದೇ ಕಂತನ್ನು ನೋಡುತ್ತಿದ್ದರು. ಕಳೆದ ಹುಟ್ಟುಹಬ್ಬಕ್ಕೆ ನಾನು ಅಮೆರಿಕದಿಂದ ಡಿವಿಡಿ ತರಿಸಿದೆ. ಅರ್ಧ ನೋಡಿ, "ಇದು ಅದಲ್ಲ, ಏನೇನೋ ಸೇರಿಸಿ ಎಳೆದಿದ್ದಾರೆ, ರೋಜರ್ ಮೂರ್‌ನ ಬೇರೆ ತೆಗೆದುಬಿಟ್ಟಿದ್ದಾರೆ" ಎಂದು ಎದ್ದು ಹೋದರು. ನಮ್ಮಣ್ಣ ಅಪ್ಪನಿಗೆ ಅರಳು ಮರಳು ಅಂತಾನೆ. ಕ್ಯಾಸೆಟ್ಟಿನ ಮೇಲೆ ಅಪ್ಪನ ಅಕ್ಷರದಲ್ಲೇ ‘ಸನ್ನಿ ಏಕರ್ಸ್, 46 ನಿ., ಇಪಿ’ ಎಂದು ಬರೆದಿದೆ. ಡಿಸ್ಕಿನಲ್ಲಿ ಅದೇ ಕಂತು ಹೆಚ್ಚುಕಡಿಮೆ 50 ನಿಮಿಷ ಇದೆ. ಕ್ಯಾಸೆಟ್ಟಿನ ಕಿಟಕಿಯಲ್ಲಿ ಬಿಳಿ ಪುಡಿ ಕಾಣುತ್ತಿದೆ. ಒಬ್ಬರು ಫ್ರಿಜ್ಜಿನಲ್ಲಿಡಿ ಅಂದರು, ಇನ್ನೊಬ್ಬರು ಓವನ್‌ನಲ್ಲಿ ಬಿಸಿ ಮಾಡಿ ಅಂದರು. ಯಾರು ಸರಿ? ಏನು ಮಾಡಲಿ?
(ಮೈಸೂರಿನ ಒಬ್ಬ ಓದುಗರು)

ಉತ್ತರ: ಮೊದಲು ನಿಮ್ಮಣ್ಣನಿಗೆ ಹೇಳಿಬಿಡಿ, ಅಪ್ಪ ಹೇಳುತ್ತಿರುವುದು ಮುಕ್ಕಾಲು ಪಾಲು ಸರಿ. ಉಳಿದ ಕಾಲು ಪಾಲಿಗೆ ಆಮೇಲೆ ಬರುತ್ತೇನೆ. ಮತ್ತೆ ದಯವಿಟ್ಟು ಆ ಕ್ಯಾಸೆಟ್ಟನ್ನು ಫ್ರಿಜ್ಜಿಗೂ ಹಾಕಬೇಡಿ, ಓವನ್ನಿಗೂ ಹಾಕಬೇಡಿ. ಈ ಉತ್ತರ ಓದಿ ಮುಗಿಸುವ ತನಕ ಯಾವ ವಿಸಿಆರ್‌ಗೂ ಹಾಕಬೇಡಿ.

ಹಳೆಯ ಟೇಪು, ಫಿಲ್ಮುಗಳನ್ನು ಡಿಜಿಟಲ್‌ಗೆ ಇಳಿಸುವುದೇ ನನ್ನ ಕೆಲಸ. ಬರುವುದರಲ್ಲಿ ಮುಕ್ಕಾಲು ಮದುವೆ, ಉಪನಯನ. ಆದರೆ ಆಗೊಮ್ಮೆ ಈಗೊಮ್ಮೆ ನಿಮ್ಮ ತಂದೆಯಂಥವರು ಸಿಗುತ್ತಾರೆ. ಒಂದು ಸರಣಿ, ಅದರಲ್ಲಿ ಒಂದೇ ಒಂದು ಕಂತು, ಅದೂ ತಮ್ಮ ಹತ್ತಿರ ಇರುವ ಪ್ರತಿಯೇ ಆಗಬೇಕು. ಮನೆಯವರಿಗೆ ಇದು ಹಠ ಅನ್ನಿಸುತ್ತದೆ. ನಾನು ಕಂಡ ಹಾಗೆ, ಟೇಪ್ ಬಿಚ್ಚಿ ನೋಡಿದಾಗ ಹೆಚ್ಚಿನ ಸಲ ಆ ಹಠಕ್ಕೆ ಒಂದು ಕಾರಣ ಸಿಕ್ಕೇ ಸಿಗುತ್ತದೆ.

ಆ ಕಂತು ಗೊತ್ತಿಲ್ಲದವರಿಗೆ ಎರಡು ಮಾತು. ‘ಮ್ಯಾವರಿಕ್’ ಅಮೆರಿಕದ ಎಬಿಸಿ ಚಾನೆಲ್ಲಿನಲ್ಲಿ 1957ರಿಂದ 1962ರವರೆಗೆ ಬಂದ ಸರಣಿ. ಒಟ್ಟು 124 ಕಂತು, ಎಲ್ಲಾ ಕಪ್ಪು ಬಿಳುಪು. ನಾಯಕ ಬ್ರೆಟ್ ಮ್ಯಾವರಿಕ್ ಪಾತ್ರದಲ್ಲಿ ಜೇಮ್ಸ್ ಗಾರ್ನರ್. ಇವನು ಊರು ಉಳಿಸುವ ಶೆರಿಫ್ ಏನಲ್ಲ, ಇಸ್ಪೀಟಾಡಿ ಬದುಕುವವನು, ಬಂದೂಕು ತೆಗೆಯುವ ಪ್ರಸಂಗ ಬಂದರೆ ಆದಷ್ಟು ಜಾಗ ಖಾಲಿ ಮಾಡುವವನು. ನಿಮ್ಮ ತಂದೆಯ ಕಂತಿನ ಪೂರ್ತಿ ಹೆಸರು ‘ಶೇಡಿ ಡೀಲ್ ಅಟ್ ಸನ್ನಿ ಏಕರ್ಸ್’. ಮೊದಲು ಪ್ರಸಾರವಾಗಿದ್ದು 1958ರ ನವೆಂಬರ್ 23ರ ಭಾನುವಾರ. ಬ್ರೆಟ್ ಇಸ್ಪೀಟಿನಲ್ಲಿ ಗೆದ್ದ 15,000 ಡಾಲರನ್ನು ರಾತ್ರಿ, ಬ್ಯಾಂಕು ಮುಚ್ಚಿದ ಮೇಲೆ, ಬ್ಯಾಂಕಿನ ಯಜಮಾನನ ಕೈಗೇ ಕೊಡುತ್ತಾನೆ. ಬೆಳಿಗ್ಗೆ ಹೋದರೆ ಆ ಮಹಾರಾಯ, ಯಾವ ದುಡ್ಡು, ನೀನು ಯಾರು ಅಂತಾನೆ! ಬ್ರೆಟ್ ಜಗಳ ಆಡಲ್ಲ. ಬ್ಯಾಂಕಿನ ಎದುರಿಗಿರುವ ಹೋಟೆಲಿನ ಜಗಲಿಯಲ್ಲಿ ತೂಗುಕುರ್ಚಿ ಹಾಕಿಕೊಂಡು ಸುಮ್ನೆ ಕೂತು ಚಾಕುವಿನಲ್ಲಿ ಮರದ ತುಂಡು ಕೆತ್ತುತ್ತಾನೆ. ದುಡ್ಡು ಹೇಗೆ ವಾಪಸ್ ತಗೋತೀಯ ಎಂದು ಊರವರು ನಗಾಡುತ್ತಾ ಕೇಳಿದರೆ ಒಂದೇ ಉತ್ತರ, "ಅದೇ ಕೆಲಸದಲ್ಲಿದ್ದೀನಿ." ಅಷ್ಟರಲ್ಲಿ ಆ ಕಡೆ ಅವನ ಸೋದರ ಬಾರ್ಟ್ ಹಳೆಯ ಸ್ನೇಹಿತರನ್ನೆಲ್ಲಾ, ಅಂದರೆ ಹಿಂದಿನ ಕಂತುಗಳಲ್ಲಿ ಬಂದು ಹೋದ ಒಬ್ಬೊಬ್ಬ ಚಾಲಾಕಿಯನ್ನೂ, ಕಲೆಹಾಕಿ ಆ ಬ್ಯಾಂಕಿನವನನ್ನು ಅವನ ದುರಾಸೆಯಿಂದಲೇ ಮುಳುಗಿಸುತ್ತಾನೆ.

(ಸರ್ಕಾರಿ ಕಚೇರಿಯಲ್ಲಿ "ಮಾಡ್ತಾ ಇದ್ದೀವಿ ಸಾರ್" ಕೇಳಿ ಕೇಳಿ ಬೇಸತ್ತ ನಮಗೆ, ಅದೇ ಮಾತು ಹೇಳಿ ನಿಜವಾಗಿಯೂ ಕೆಲಸ ಮುಗಿಸುವವನೊಬ್ಬ ಸಿಕ್ಕರೆ ಖುಷಿಯಾಗದೆ ಇರುತ್ತಾ?)

ಅಭಿಮಾನಿಗಳು ಈ ಕಂತನ್ನು ಇಷ್ಟೊಂದು ಹಚ್ಚಿಕೊಂಡಿರುವುದಕ್ಕೆ ನನಗೆ ಕಾಣುವ ಕಾರಣ ಅದನ್ನು ಕಟ್ಟಿರುವ ರೀತಿ. ಒಂದು ಗಂಟೆಯ ಕಂತು ತೆಗೆಯಲು ಎಂಟು ದಿನ ಬೇಕಾಗುತ್ತಿತ್ತು, ಆದರೆ ವಾರಕ್ಕೆ ಇರುವುದೇ ಏಳು ದಿನ. ಅದಕ್ಕೇ ಬಾರ್ಟ್ ಎನ್ನುವ ಸೋದರನನ್ನು ಹುಟ್ಟಿಸಿ, ಜ್ಯಾಕ್ ಕೆಲ್ಲಿಯನ್ನು ಕರೆತಂದು, ಎರಡು ತಂಡ ಮಾಡಿ ಚಿತ್ರೀಕರಣ ನಡೆಸಿದರು. ಆ ಇಕ್ಕಟ್ಟಿನಿಂದ ಬಂದ ಸೋದರನನ್ನು ಈ ಕಂತು ಎಷ್ಟು ಚೆನ್ನಾಗಿ ಬಳಸಿಕೊಂಡಿದೆ ನೋಡಿ. ಒಬ್ಬ ಕೂತಿರುತ್ತಾನೆ, ಇನ್ನೊಬ್ಬ ಓಡುತ್ತಿರುತ್ತಾನೆ. ಕೂತವನ ಮುಖ ಎಷ್ಟು ಸಲ ಬರಬೇಕು, ಎಷ್ಟು ಅಂತರದಲ್ಲಿ ಬರಬೇಕು ಅನ್ನುವುದರ ಮೇಲೇ ನಗು ನಿಂತಿದೆ. ಲೆಕ್ಕ ಸ್ವಲ್ಪ ಆಚೀಚೆಯಾದರೂ ರುಚಿ ಬೇರೆ.

ನಿಮ್ಮ ಸಮಸ್ಯೆ ಇರುವುದೂ ಅಲ್ಲೇ.

1950ರ ದಶಕದಲ್ಲಿ ಅಮೆರಿಕದ ಒಂದು ಗಂಟೆಯ ಕಾರ್ಯಕ್ರಮದಲ್ಲಿ ಕಥೆಗೆ ಸುಮಾರು 50 ನಿಮಿಷ ಸಿಗುತ್ತಿತ್ತು. ವರ್ಷ ಕಳೆದಂತೆ ಜಾಹೀರಾತು ಹೆಚ್ಚಿತು, ಕಥೆಯ ಪಾಲು ಕಡಿಮೆಯಾಯಿತು. ಹಳೆಯ ಸರಣಿಗಳನ್ನು ಊರೂರಿನ ಲೋಕಲ್ ಸ್ಟೇಷನ್ನುಗಳು ಬಾಡಿಗೆಗೆ ತಂದು ಮರುಪ್ರಸಾರ ಮಾಡುತ್ತಿದ್ದವು. ಹೊಸ ಕಾಲದ ಜಾಹೀರಾತು ಹಳೆಯ ಕಾಲದ ಕಂತಿನೊಳಗೆ ಹಿಡಿಸಬೇಕಲ್ವಾ? ಕತ್ತರಿ ಹಾಕುತ್ತಿದ್ದರು. ಸ್ಟೇಷನ್ನಿಗೆ 16 ಎಂಎಂ ಫಿಲ್ಮಿನ ಪ್ರತಿ ಬಂದರೆ ಅಲ್ಲಿನ ಕೆಲಸಗಾರನೇ ಕತ್ತರಿಸಿ ಅಂಟಿಸುತ್ತಿದ್ದ, ಟೇಪಿನಲ್ಲಿ ಬಂದರೆ ವಿತರಕರೇ ಮೊದಲು ಕತ್ತರಿಸಿ ಕಳಿಸುತ್ತಿದ್ದರು. ನಿಮ್ಮ ಲೆಕ್ಕದ ನಾಲ್ಕು ನಿಮಿಷ ಅಂದರೆ 16 ಎಂಎಂನಲ್ಲಿ 144 ಅಡಿ ಫಿಲ್ಮು. ಕೆಲವು ಕಡೆ 1980ರ ದಶಕದಲ್ಲಿ ಇನ್ನೊಂದು ಉಪಾಯವೂ ಬಂತು. ಇಡೀ ಕಂತನ್ನೇ ಕಣ್ಣಿಗೆ ಗೊತ್ತಾಗದಷ್ಟು ಜೋರಾಗಿ ಓಡಿಸಿ, ದನಿ ಕೀಚಲಾಗದಂತೆ ಯಂತ್ರದಲ್ಲಿ ಸರಿಮಾಡುವುದು.

ಏನನ್ನು ಕತ್ತರಿಸುತ್ತಿದ್ದರು? ಕಥೆ ತುಂಡಾಗಬಾರದು, ಆದರೆ ನಿಮಿಷ ಉಳಿಯಬೇಕು. ಹಾಗಾಗಿ ಮೊದಲು ಕೈ ಹಾಕುವುದು ದಾರಿಯಲ್ಲಿ ನಡೆದು ಹೋಗುವುದು, ಕುದುರೆ ಕಟ್ಟುವುದು, ಒಂದೇ ತಮಾಷೆಯ ಮೂರನೇ ನಾಲ್ಕನೇ ಸುತ್ತು ಇಂಥವಕ್ಕೆ. ಹೇಳಿದ್ದನ್ನೇ ಹೇಳುವ ಕೂತ ನಾಯಕ ಇಂಥ ಕತ್ತರಿಗೆ ಎಷ್ಟು ಸುಲಭದ ತುತ್ತು, ನೀವೇ ಯೋಚಿಸಿ. ನಿಮ್ಮ ಟೇಪನ್ನು ನಾನು ನೋಡಿಲ್ಲ, ಹಾಗಾಗಿ ಇಂಥದ್ದೇ ದೃಶ್ಯ ಹೋಗಿದೆ ಅಂತ ಬೆರಳಿಟ್ಟು ತೋರಿಸಲಾರೆ. ಆದರೆ ‘ಎಳೆದಿದ್ದಾರೆ’ ಎಂದು ನಿಮ್ಮ ತಂದೆ ಹೇಳಿದರಲ್ಲ, ಬಿಗಿಯಾದ 46 ನಿಮಿಷಕ್ಕೆ ಒಗ್ಗಿಕೊಂಡವರು ಪೂರ್ತಿ ಕಂತು ನೋಡಿದಾಗ ಹೇಳುವ ಮಾತೇ ಅದು. ಯಾರೂ ಏನನ್ನೂ ಸೇರಿಸಿಲ್ಲ. ಡಿಸ್ಕಿನಲ್ಲಿರುವುದು 1958ರ ಕಂತು. ನಿಮ್ಮ ಅಪ್ಪ ಪ್ರೀತಿಸಿದ್ದು 1980ರ ದಶಕದ ಕಂತು.

ಇನ್ನೊಂದು ವಿಷಯ ಇದೆ, ಇದನ್ನು ಅವರನ್ನೇ ಕೇಳಿ ನೋಡಿ. ಜಾಹೀರಾತು ಬೇಡ ಎಂದು ರಿಮೋಟ್ ಹಿಡಿದು ಕೂತು, ಬ್ರೇಕ್ ಬಂದ ಕೂಡಲೇ ಪಾಸ್ (ರೆಕಾರ್ಡಿಂಗನ್ನು ಸ್ವಲ್ಪ ಹೊತ್ತು ತಡೆಯುವ ಗುಂಡಿ) ಒತ್ತುತ್ತಿದ್ದರಾ? 46 ನಿಮಿಷ ಎಂದು ಅಷ್ಟು ಕರಾರುವಾಕ್ಕಾಗಿ ಬರೆದಿರುವವರು ಖಂಡಿತ ಒತ್ತಿರುತ್ತಾರೆ ಅಂತ ನನ್ನ ಊಹೆ. ಆ ಕಾಲದ ವಿಸಿಆರ್ ಪಾಸ್‌ನಲ್ಲಿ ಸುಮಾರು ಐದು ನಿಮಿಷ ಇದ್ದರೆ ಟೇಪ್ ಸವೆಯದಿರಲಿ ಎಂದು ತಾನಾಗಿಯೇ ನಿಂತುಬಿಡುತ್ತಿತ್ತು. ಮತ್ತೆ ಶುರು ಮಾಡಲು ಒಂದೆರಡು ಸೆಕೆಂಡು ತಡವಾಗುತ್ತಿತ್ತು. ಒಂದೊಂದು ಬ್ರೇಕಿಗೂ ಒಂದು ಅರ್ಧ ಮಾತು ಹೋಗಿರುತ್ತದೆ, ಒಂದು ಬಾಗಿಲು ಅರ್ಧ ತೆರೆದಿರುವಾಗಲೇ ದೃಶ್ಯ ಶುರುವಾಗುತ್ತದೆ. ಮೂವತ್ತು ಸಲ ನೋಡಿದ ಮೇಲೆ ಆ ಜಿಗಿತವೂ ಕಂತಿನ ಭಾಗವೇ ಆಗಿಹೋಗುತ್ತದೆ. ಅಂದರೆ ಈ ಪ್ರತಿಗೆ ಸ್ಟುಡಿಯೋ, ಸ್ಟೇಷನ್ನಿನ ಕತ್ತರಿ, ಆಮೇಲೆ ನಿಮ್ಮ ಅಪ್ಪನ ಹೆಬ್ಬೆರಳು, ಹೀಗೆ ಮೂರು ಜನ ಸಂಕಲನಕಾರರು. ಡಿಸ್ಕಿನಲ್ಲಿ ಮೂರನೆಯವರ ಕೆಲಸ ಕಾಣಿಸುತ್ತಿಲ್ಲ ಎಂದು ಮೂರನೆಯವರಿಗೆ ಬೇಜಾರಾಗಿದೆ, ಅಷ್ಟೆ. ಹಾಗೇ, ಎಲ್ಲಾದರೂ ಪಾಸ್ ಒತ್ತಲು ಮರೆತಿದ್ದರೆ ಒಂದೆರಡು ಓಹಾಯೋ ಜಾಹೀರಾತು ಉಳಿದಿರಬಹುದು. ಅದನ್ನು ಮಾತ್ರ ಕತ್ತರಿಸಬೇಡಿ, ಸಂಗ್ರಹಕಾರರು ಕಂತಿಗಿಂತ ಜಾಸ್ತಿ ಅದಕ್ಕೇ ಬಾಯಿ ಬಿಡುತ್ತಾರೆ.

ಈಗ ತಪ್ಪಿದ ಕಾಲು ಪಾಲು. ರೋಜರ್ ಮೂರ್ ಈ ಕಂತಿನಲ್ಲಿ ಇಲ್ಲವೇ ಇಲ್ಲ. 1960ರಲ್ಲಿ ಗಾರ್ನರ್, ಸರಣಿ ತೆಗೆದ ವಾರ್ನರ್ ಬ್ರದರ್ಸ್ ಸ್ಟುಡಿಯೋ ಜೊತೆ ಜಗಳವಾಗಿ ಹೊರಬಂದ ಮೇಲೆ, ಬೋ ಅನ್ನುವ ದಾಯಾದಿಯ ಪಾತ್ರದಲ್ಲಿ ಮೂರ್ ಬಂದದ್ದು. ಈ ಕಂತಿಗೂ ಅದಕ್ಕೂ ಎರಡು ವರ್ಷದ ಅಂತರ ಇದೆ. ಇದರಲ್ಲಿ ನಾಜೂಕು ಮಾತಿನ, ನೀಟಾದ ಕೋಟಿನ ಮೋಸಗಾರ ಒಬ್ಬ ಇದ್ದಾನೆ, ಡ್ಯಾಂಡಿ ಜಿಮ್ ಬಕ್ಲಿ ಅಂತ. ಆ ಪಾತ್ರ ಮಾಡಿದ್ದು ಎಫ್ರೆಮ್ ಝಿಂಬಲಿಸ್ಟ್ ಜೂನಿಯರ್. ನಿಮ್ಮ ತಂದೆ ಬೇರೆ ಕಂತುಗಳಲ್ಲಿ ಮೂರ್‌ನನ್ನೂ ನೋಡಿರುತ್ತಾರೆ, ಮುಂದೆ ಜೇಮ್ಸ್ ಬಾಂಡ್ ಆಗಿಯಂತೂ ನೋಡೇ ಇರುತ್ತಾರೆ. ವರ್ಷಗಳಾದ ಮೇಲೆ ಇಬ್ಬರು ಸೇರಿ ಒಬ್ಬನಾಗಿದ್ದಾರೆ. ಇದು ಅರಳು ಮರಳಲ್ಲ, ನನಗೂ ಆಗುತ್ತದೆ. ಟೇಪುಗಳ ಜೊತೆ ಬರುವ ನೆನಪುಗಳಲ್ಲಿ ಒಂದು ಸಂಗತಿ ಗಮನಿಸಿದ್ದೇನೆ. ಪದೇ ಪದೇ ನೋಡಿದವರು ಓಟ, ಲಯ, ಮಾತಿನ ನಡುವಿನ ಮೌನ ಇವನ್ನು ಅಳತೆಪಟ್ಟಿ ಇಟ್ಟಂತೆ ಹೇಳುತ್ತಾರೆ. ಹೆಸರು, ಇಸವಿಗಳಲ್ಲೇ ಎಡವುವುದು. ವೈದ್ಯರ ಹತ್ತಿರ ಹೋಗಬೇಕಾ ಅನ್ನುವುದನ್ನು ಬೇರೆ ಲಕ್ಷಣ ನೋಡಿ ತೀರ್ಮಾನಿಸಿ, ಈ ಡಿವಿಡಿಯನ್ನು ಸಾಕ್ಷಿ ಮಾಡಬೇಡಿ.

ಇನ್ನು ಬಿಳಿ ಪುಡಿ. ಅದು ಬೂಸ್ಟು. ಮಳೆಗಾಲದಲ್ಲಿ ಚಪ್ಪಲಿ, ಬೆಲ್ಟಿನ ಮೇಲೆ ಬರುತ್ತಲ್ಲ, ಆ ಜಾತಿಯದ್ದೇ. ಟೇಪಿನ ಸುರುಳಿಯ ಅಂಚಿನಲ್ಲಿ ಶುರುವಾಗಿ ಒಳಗೆ ಇಳಿಯುತ್ತದೆ. ಹಾಗೇ ವಿಸಿಆರ್‌ಗೆ ಹಾಕಿದರೆ ಎರಡು ಅನಾಹುತ. ಸುರುಳಿಗಳು ಒಂದಕ್ಕೊಂದು ಅಂಟಿದ್ದರೆ ಟೇಪ್ ಹರಿಯುತ್ತದೆ. ಹರಿಯದಿದ್ದರೆ, ವಿಸಿಆರ್ ಒಳಗೆ ಟೇಪನ್ನು ಓದುತ್ತಾ ನಿಮಿಷಕ್ಕೆ 1,800 ಸುತ್ತು ತಿರುಗುವ ಡ್ರಮ್ ಬೂಸ್ಟನ್ನು ಮೆಷಿನ್ನಿಗೆಲ್ಲಾ ಬಳಿಯುತ್ತದೆ. ನನ್ನದೇ ಕಥೆ ಹೇಳುತ್ತೇನೆ. ಈ ಕೆಲಸ ಹಿಡಿದ ಹೊಸದರಲ್ಲಿ, ಸ್ವಲ್ಪವೇ ಇದೆ ಬಿಡು ಎಂದು ಒಂದು ಬೂಸ್ಟಿನ ಕ್ಯಾಸೆಟ್ಟನ್ನು ನನ್ನ ಒಳ್ಳೆಯ ಮೆಷಿನ್ನಿಗೇ ಹಾಕಿದೆ. ಅದು ಓಡಿತು, ಚಿತ್ರವೂ ಬಂತು. ಅದರ ಹಿಂದೆ ಹಾಕಿದ ಮೂರು ಕ್ಯಾಸೆಟ್ಟಿಗೆ ಬೂಸ್ಟು ಅಂಟಿತು, ಅದರಲ್ಲಿ ಒಂದು ಬೇರೆಯವರ ಮದುವೆಯದ್ದು. ಅವರ ಮನೆ ಬಾಗಿಲಿಗೆ ಹೋಗಿ ಕೈಮುಗಿದದ್ದು ಇನ್ನೂ ನೆನಪಿದೆ.

ಫ್ರಿಜ್ಜಿನ ಸಲಹೆ ಕೊಟ್ಟವರು ಒಳ್ಳೆಯದಕ್ಕೇ ಹೇಳಿರುತ್ತಾರೆ. ಆದರೆ ಹೊರಗೆ ತೆಗೆದ ಕೂಡಲೇ ನೀರು ಕಟ್ಟುತ್ತದೆ, ಬೂಸ್ಟಿಗೆ ಬೇಕಾದದ್ದೇ ಅದು. ಓವನ್ನಿನ ಮಾತೂ ಪೂರ್ತಿ ಗಾಳಿಮಾತಲ್ಲ. ಕೆಲವು ಬಗೆಯ ಹಳೆಯ ಆಡಿಯೋ ಟೇಪುಗಳಲ್ಲಿ ಲೇಪನದ ಅಂಟು ತೇವ ಹೀರಿ ಜಿಗುಟಾಗುತ್ತದೆ. ಅಂಥವನ್ನು ಅಳತೆಯ ಸಣ್ಣ ಬಿಸಿಯಲ್ಲಿ ಗಂಟೆಗಟ್ಟಲೆ ಇಟ್ಟು ಒಣಗಿಸುವ ಪದ್ಧತಿ ಇದೆ. ನಿಮ್ಮ ಕಾಯಿಲೆಯೇ ಬೇರೆ, ಔಷಧಿಯೂ ಬೇರೆ. ಕೇಕ್ ಮಾಡುವ ಓವನ್ನಿಗೆ ಹಾಕಿದರೆ ಕ್ಯಾಸೆಟ್ಟಿನ ಪ್ಲಾಸ್ಟಿಕ್ ಸೊಟ್ಟಗಾಗುತ್ತದೆ.

ಸದ್ಯಕ್ಕೆ ಅದನ್ನು ಬೇರೆ ಕ್ಯಾಸೆಟ್ಟುಗಳಿಂದ ದೂರ, ಒಂದು ಕಾಗದದ ಲಕೋಟೆಯಲ್ಲಿ ಒಣಗಿದ ಜಾಗದಲ್ಲಿಡಿ. ಪ್ಲಾಸ್ಟಿಕ್ ಕವರಿನಲ್ಲಿ ಬಿಗಿದು ಕಟ್ಟಬೇಡಿ, ಒಳಗೇ ಬೆವರುತ್ತದೆ. ಮುಟ್ಟುವಾಗ ಮಾಸ್ಕ್ ಹಾಕಿ, ತಂದೆಯ ಕೋಣೆಯಲ್ಲಂತೂ ತೆರೆಯಬೇಡಿ, ಆ ವಯಸ್ಸಿನ ಶ್ವಾಸಕೋಶಕ್ಕೆ ಬೂಸ್ಟಿನ ಧೂಳು ಒಳ್ಳೆಯದಲ್ಲ.

ಮುಂದೆ ಏನು? ಒಂದು ದಾರಿ, ಟೇಪಿನ ಆಸೆ ಬಿಟ್ಟು ಡಿಸ್ಕನ್ನೇ ಅವರಿಗೆ ಇಷ್ಟವಾಗುವಂತೆ ತೋರಿಸುವುದು. ಇದರಲ್ಲಿ ಕಳೆದುಕೊಳ್ಳುವುದೇನಿಲ್ಲ. ಮೊದಲು ಟಿವಿಯ ಸೆಟ್ಟಿಂಗ್ ನೋಡಿ. ಆ ಕಾಲದ ಚಿತ್ರ 4:3 ಅಳತೆಯದ್ದು. ಈಗಿನ ಅಗಲ ಟಿವಿ ಅದನ್ನು ಪೂರ್ತಿ ಪರದೆಗೆ ಹಿಗ್ಗಿಸಿದರೆ ಗಾರ್ನರ್ ಮುಖ ತಟ್ಟೆ ಇಡ್ಲಿಯಾಗುತ್ತದೆ. ಅಕ್ಕಪಕ್ಕ ಕಪ್ಪು ಪಟ್ಟಿ ಬಂದರೆ ಬರಲಿ. ಚಲನೆಯನ್ನು ನುಣುಪು ಮಾಡುವ ಆಯ್ಕೆ ಇದ್ದರೆ ಆರಿಸಿಬಿಡಿ, ಅದು ಹಳೆಯ ಫಿಲ್ಮನ್ನು ನಿನ್ನೆ ತೆಗೆದ ಧಾರಾವಾಹಿಯ ಹಾಗೆ ಕಾಣಿಸುತ್ತದೆ. ‘ಇದು ಅದಲ್ಲ’ ಅನ್ನುವುದರಲ್ಲಿ ಒಂದು ಪಾಲು ಇದೇ ಇದ್ದರೂ ಇರಬಹುದು. ಎದ್ದು ಹೋಗದೆ ಅವರು ಪೂರ್ತಿ ಕಂತು ನೋಡಿದರೆ, ತಮ್ಮ ಪ್ರತಿಯಲ್ಲಿ ಇಲ್ಲದಿದ್ದ ಒಂದೆರಡು ನಗು ಸಿಕ್ಕರೂ ಸಿಗಬಹುದು. ಆದರೆ ಗ್ಯಾರಂಟಿ ಕೊಡಲಾರೆ.

ಎರಡನೆಯದು, ಮನೆಯಲ್ಲೇ ಯಾವುದಾದರೂ ಹಳೆಯ ವಿಸಿಆರ್ ರಿಪೇರಿ ಮಾಡಿಸಿ ಓಡಿಸುವುದು. ಬೇಡ. ಬೂಸ್ಟಿನ ಮಾತು ಹಾಗಿರಲಿ, ನಮ್ಮಲ್ಲಿ ಇದ್ದದ್ದು ಪಾಲ್ ಅನ್ನುವ ಟಿವಿ ಪದ್ಧತಿ, ಪರದೆಗೆ 625 ಗೆರೆ. ಅಮೆರಿಕದ್ದು ಎನ್‌ಟಿಎಸ್‌ಸಿ, 525 ಗೆರೆ. ಅದರ ಮೇಲೆ ನಿಮ್ಮ ತಂದೆ ‘ಇಪಿ’ ಎಂದು ಬರೆದಿದ್ದಾರೆ. ಎರಡು ಗಂಟೆಯ ಕ್ಯಾಸೆಟ್ಟಿನಲ್ಲಿ ಆರು ಗಂಟೆ ತುಂಬಿಸುವ ನಿಧಾನದ ಓಟ ಅದು. ಟೇಪಿನ ಮೇಲೆ ಚಿತ್ರ ದಾಖಲಾಗುವ ಗೀರಿನ ಅಗಲ ಬರೀ 19 ಮೈಕ್ರಾನ್, ಕೂದಲಿಗಿಂತ ಎಷ್ಟೋ ಸಣ್ಣದು. ನಮ್ಮ ಕಡೆಯ ಎಷ್ಟೋ ಮೆಷಿನ್ನುಗಳು ಅದನ್ನು ಓದುವುದೇ ಇಲ್ಲ, ಓದಿದರೂ ಚಿತ್ರ ನಡುಗುತ್ತದೆ. ಪದ್ಧತಿ ಬದಲಾದಾಗ ಬಣ್ಣ ಹೋಗುವುದು ದೊಡ್ಡ ಗೋಳು, ಪುಣ್ಯಕ್ಕೆ ನಿಮ್ಮ ಕಂತಿನಲ್ಲಿ ಬಣ್ಣವೇ ಇಲ್ಲ.

ಮೂರನೆಯದು, ಬೂಸ್ಟು ತೆಗೆಸಿ ಡಿಜಿಟಲ್‌ಗೆ ಇಳಿಸುವುದು. ನನ್ನ ಮತ ಇದಕ್ಕೇ. ಕೊಡುವ ಮೊದಲು ಅಂಗಡಿಯವರನ್ನು ಕೇಳಿ: ಬೂಸ್ಟಿಗೆ ಬೇರೆ ಮೆಷಿನ್ ಇಟ್ಟಿದ್ದೀರಾ? ಎನ್‌ಟಿಎಸ್‌ಸಿ ಇಪಿ ಓದುತ್ತೀರಾ? ಚಿತ್ರದ ನಡುಕ ನಿಲ್ಲಿಸುವ ಟೈಮ್ ಬೇಸ್ ಕರೆಕ್ಟರ್ ಇದೆಯಾ? ಪಾಲ್‌ಗೆ ಬದಲಿಸದೆ ಫೈಲನ್ನು ಅಮೆರಿಕದ ವೇಗದಲ್ಲೇ ಕೊಡುತ್ತೀರಾ? ಮೊದಲ ಪ್ರಶ್ನೆಗೇ "ಒರೆಸಿ ಹಾಕ್ತೀವಿ ಬಿಡಿ" ಅಂದರೆ ಕ್ಯಾಸೆಟ್ ತೆಗೆದುಕೊಂಡು ವಾಪಸ್ ಬನ್ನಿ. ಅಪಾಯ ಇಲ್ಲವೇ ಇಲ್ಲ ಅಂತಲ್ಲ. ಎಷ್ಟೇ ಜೋಪಾನ ಮಾಡಿದರೂ ಅಂಟಿಕೊಂಡ ಟೇಪ್ ಒಂದು ಕಡೆ ಹರಿಯಬಹುದು. ಹರಿದರೆ ಜೋಡಿಸುತ್ತೇವೆ, ಒಂದೆರಡು ಸೆಕೆಂಡು ಹೋಗುತ್ತದೆ. ಬೂಸ್ಟು ಲೇಪನವನ್ನೇ ತಿಂದಿದ್ದರೆ ಆ ಜಾಗದಲ್ಲಿ ಚಿತ್ರ ಬರುವುದಿಲ್ಲ, ಅದನ್ನು ಯಾರಿಂದಲೂ ತರಲಾಗದು. ಇಪಿಯಲ್ಲಿ ಹಿಡಿದ ಚಿತ್ರ ಮೊದಲಿಗೇ ಮಸುಕು, ದೊಡ್ಡ ಟಿವಿಯಲ್ಲಿ ಇನ್ನೂ ಮಸುಕಾಗಿ ಕಾಣುತ್ತದೆ, ಅದನ್ನು ಮೊದಲೇ ಮನೆಯವರಿಗೆ ಹೇಳಿಬಿಡಿ. ಫೈಲ್ ಬಂದ ಮೇಲೆ ಮೂರು ಪ್ರತಿ ಮಾಡಿ, ಒಂದನ್ನು ಅಣ್ಣನ ಮನೆಯಲ್ಲಿಡಿ. ಇಳಿಸಿದ ಮೇಲೂ ಕ್ಯಾಸೆಟ್ ಎಸೆಯಬೇಡಿ.

ಕಾನೂನಿನ ಹೆದರಿಕೆ ಇದ್ದರೆ, ಮನೆಯಲ್ಲಿ ಆಮೇಲೆ ನೋಡಲು ಟಿವಿಯಿಂದ ರೆಕಾರ್ಡ್ ಮಾಡಿಕೊಳ್ಳುವುದು ತಪ್ಪಲ್ಲ ಎಂದು ಅಮೆರಿಕದ ಸುಪ್ರೀಂ ಕೋರ್ಟು 1984ರಲ್ಲೇ 5–4ರ ತೀರ್ಪು ಕೊಟ್ಟಿದೆ. ಆ ಫೈಲನ್ನು ಎಲ್ಲಾದರೂ ಹಂಚಲು ಹೋಗುವುದು ಬೇರೆ ಮಾತು, ಅದಕ್ಕೆ ಕೈ ಹಾಕಬೇಡಿ.

ಟೇಪ್ ಪೂರ್ತಿ ಕೈಕೊಟ್ಟರೆ ಡಿಸ್ಕ್ ಹಾಕಿ ರಿಮೋಟನ್ನು ಅಪ್ಪನ ಕೈಗೇ ಕೊಡಿ. ಎಲ್ಲೆಲ್ಲಿ ಮುಂದೆ ಓಡಿಸುತ್ತಾರೆ ನೋಡಿ, ಪಕ್ಕದಲ್ಲಿ ಕೂತು ನಿಮಿಷ ಬರೆದುಕೊಳ್ಳಿ. ಕೊನೆಯಲ್ಲಿ ಕೂಡಿ ನೋಡಿ. ನಾಲ್ಕು ನಿಮಿಷದ ಆಸುಪಾಸಿಗೆ ಬಂದರೆ ನನಗೂ ಒಂದು ಸಾಲು ಬರೆಯಿರಿ, ನಿಮ್ಮಣ್ಣನಿಗೂ ತೋರಿಸಿ.

ಹಾಂ, ಒಂದು ಮರೆತೆ. ಕ್ಯಾಸೆಟ್ಟಿನ ಬೆನ್ನಿನ ಎಡ ತುದಿಯಲ್ಲಿ ಒಂದು ಸಣ್ಣ ಪ್ಲಾಸ್ಟಿಕ್ ಚೂರು ಇರುತ್ತದೆ. ಅದು ಇನ್ನೂ ಇದ್ದರೆ, ಯಾರ ಕೈಗಾದರೂ ಕೊಡುವ ಮೊದಲು ಮುರಿದುಹಾಕಿ. ಅದಿದ್ದರೆ ಕೈತಪ್ಪಿ ಅದರ ಮೇಲೆ ಬೇರೆ ರೆಕಾರ್ಡ್ ಆಗಿಬಿಡಬಹುದು.